ಉಸುಕು ಅಳೆದ ಜೀನಗಾರ

ಬಹಳ ಹಿಂದೆ, ಹೊಳೆ ಈಗ ಹರಿಯುವ ಜಾಗಕ್ಕಿಂತ ಅರ್ಧ ಹರದಾರಿ ಈಚೆಗೆ ಹರಿಯುತ್ತಿದ್ದಾಗ, ಮಳಲಗಟ್ಟಿ ಅಂತ ಒಂದು ಊರು. ಆ ಊರಲ್ಲಿ ರಾಣೋಜಿ ಅಂತ ಒಬ್ಬ ಜೀನಗಾರ. ಕುದುರೆಗೆ ಜೀನು ಹೊಲಿಯುವುದು ಅವನ ಅಪ್ಪನ ಕಸುಬು, ಅಜ್ಜನ ಕಸುಬು. ಅವನ ಕೈಯ ಜೀನು ಹೊತ್ತ ಒಂದು ಕುದುರೆಗೂ ಬೆನ್ನ ಮೇಲೆ ಹುಣ್ಣಾದದ್ದಿಲ್ಲವಂತೆ. ಅವನು ಬೀದಿಗೆ ಬಂದರೆ ಕುದುರೆಗಳು ತಲೆ ಬಾಗಿಸುತ್ತಿದ್ದವು ಅಂತಲೂ ಕೆಲವರು ಹೇಳುತ್ತಾರೆ. ಕುದುರೆ ಹುಲ್ಲು ಮೇಯುವಾಗಲೂ ತಲೆ ಬಾಗಿಸುತ್ತದೆ. ಇರಲಿ.

ರಾಣೋಜಿಗೆ ಒಂದು ಚಟ. ಹೊಸ ಜೀನು ಹಾಕಿದ ಕುದುರೆಯನ್ನು ಮೂರು ಹರದಾರಿ ಓಡಿಸಿ ತರಲು ಹೇಳುತ್ತಿದ್ದ. ಬಂದ ಕೂಡಲೇ ಜೀನು ಬಿಚ್ಚಿ ಬೆನ್ನು ನೋಡುತ್ತಿದ್ದ. ಸುತ್ತ ಎಲ್ಲ ಬೆವರಿ, ನಡುವೆ ಒಂದು ಬಿಲ್ಲೆಯಷ್ಟು ಜಾಗ ಒಣಗಿದ್ದರೆ ಅಲ್ಲಿ ಜೀನು ಒತ್ತುತ್ತಿದೆ ಅಂತ ಅರ್ಥ. "ಕುದರಿ ಬಾಯಿ ಬಿಟ್ಟು ಹೇಳಂಗಿಲ್ಲ. ಅದರ ಬೆನ್ನು ಓದಬೇಕು," ಅನ್ನುತ್ತಿದ್ದನಂತೆ. ಓದು ಬರಹ ಬಾರದವನ ಬಾಯಲ್ಲಿ ಓದುವ ಮಾತು ಕೇಳಿ ಜನ ನಗುತ್ತಿದ್ದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಕಾಲ ಹೋಯಿತು, ಕುದುರೆಗಳೂ ಹೋದವು. ಸೈಕಲ್ಲು ಬಂತು. ಆ ಸೀಮೆಗೆ ಮೊದಲು ಬಂದ ಸೈಕಲ್ಲು ಹತ್ತಿ ಜಿನ್ನಿನ ಗುಮಾಸ್ತನದು. ಅವನ ಹೆಂಡತಿಗೆ ಅವಳಿ ಮಕ್ಕಳಾದವು. ಒಂದು ಕಾಲು ಮುಂದಾಗಿ ಬಂತು, ಇನ್ನೊಂದು ಬರಲೇ ಒಲ್ಲೆನೆಂದಿತು. ಎರಡನ್ನೂ ಬದುಕಿಸಿ ಕೈಗಿಟ್ಟವಳು ಸೂಲಗಿತ್ತಿ ಫಕೀರವ್ವ. ಗುಮಾಸ್ತ ಊರು ಬಿಟ್ಟು ಹೋಗುವಾಗ ಸೈಕಲ್ಲನ್ನು ಅವಳ ಬಾಗಿಲಿಗೆ ಆನಿಸಿ, ಕೈ ಮುಗಿದು ಹೋದನಂತೆ.

ಫಕೀರವ್ವ ಮೊಮ್ಮಕ್ಕಳನ್ನು ಕಂಡವಳು. ಆದರೂ ಕಚ್ಚೆ ಬಿಗಿದು ಹೊಳೆದಂಡೆಯಲ್ಲಿ ಎಂಟು ದಿನ ಬಿದ್ದೆದ್ದು, ಒಂಬತ್ತನೇ ದಿನ ಸೈಕಲ್ಲು ಹೊಡೆದಳು. ಹೊಳೆಯ ಆಚೆ ಈಚೆ ಹದಿನಾಲ್ಕು ಊರು ಅವಳವು. ನಡೆದರೆ ಅರ್ಧ ದಿನ ಹಿಡಿಯುವ ದಾರಿ ಒಂದು ತಾಸಿಗೆ ಇಳಿಯಿತು. ಹೊಳೆ ಅಡ್ಡ ಬಂದರೆ ಹರಗೋಲಿನಲ್ಲಿ ಸೈಕಲ್ಲನ್ನೂ ಹಾಕಿಕೊಂಡು ದಾಟುತ್ತಿದ್ದಳು.

ಆದರೆ ಸೀಟು ಕಾಡಿತು. ಮೊದಲ ಮೈಲಿಗೆ ಚುಚ್ಚುವುದು, ಎರಡನೆಯದಕ್ಕೆ ಉರಿಯುವುದು, ಮೂರನೆಯದಕ್ಕೆ ಜೀವ ಬೇಡವಾಗುವುದು. ಇಳಿದು ತಳ್ಳಿಕೊಂಡು ನಡೆಯುವಳು. ಹಾಗೆ ನಡೆದ ಒಂದು ದಿನ ದೂರದ ಕುರಿಹಟ್ಟಿಯೊಂದಕ್ಕೆ ಹೊತ್ತು ಮೀರಿ ಮುಟ್ಟಿದಳು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಮರುದಿನ ಫಕೀರವ್ವ ಸೈಕಲ್ಲನ್ನು ರಾಣೋಜಿಯ ಅಂಗಡಿಗೆ ತಂದು ನಿಲ್ಲಿಸಿದಳು.

"ಸೀಟು ಸರಿ ಇಲ್ಲ. ಆದ್ರ ಸರಿ ಮಾಡು, ಆಗದಿದ್ರ ಇದನ್ನ ಮಾರಿಬಿಡತೀನಿ. ಕಾಲ್ನಡಿಗೀಲೆ ಎಷ್ಟು ಮಂದೀನ್ನ ಮುಟ್ಟಾಕ ಆಗತೈತೋ ಅಷ್ಟ ಮಂದಿ."

"ಎಲ್ಲಿ ಒತ್ತತೈತಿ ಅಕ್ಕಾ?"

ಫಕೀರವ್ವ ಅವನನ್ನು ನೋಡಿದಳು. ಅವಳು ಬಾಗಿಲು ಹಾಕಿಕೊಂಡು ಹೆಂಗಸರಿಗೆ ಕೇಳದ ಪ್ರಶ್ನೆ ಇರಲಿಲ್ಲ. ತನ್ನನ್ನು ಒಬ್ಬ ಗಂಡಸು ಕೇಳಿದಾಗ ಮಾತ್ರ ನಾಲಿಗೆ ಹೊರಳಲಿಲ್ಲ. "ಸೀಟು ಸರಿ ಇಲ್ಲ ಅಂದೆನಲ್ಲ, ಸಾಲದೇನು?" ಅಂದು ಹೋದಳು.

ಮೆತ್ತಗಿದ್ದರೆ ಸುಖ ಅಂದುಕೊಂಡ ರಾಣೋಜಿ ಬೂರುಗದ ಅರಳೆ ತುಂಬಿ ಸೀಟನ್ನು ತಲೆದಿಂಬಿನ ಹಾಗೆ ಮಾಡಿದ. ಒಂದು ಮೈಲಿ ಅವನನ್ನು ಹರಸಿದ ಫಕೀರವ್ವ, ಉಳಿದ ಮೂರು ಮೈಲಿ ಅವನ ವಂಶವನ್ನೇ ಜಾಲಾಡಿದಳು. ಅರಳೆಯೆಲ್ಲ ಪಕ್ಕಕ್ಕೆ ಸರಿದು, ನಡುವೆ ಗುಡ್ಡವೆದ್ದು, ಚುಚ್ಚಬಾರದ ಕಡೆ ಚುಚ್ಚಿತ್ತು. ಅರಳೆ ಕಿತ್ತು ಗಟ್ಟಿ ತೊಗಲು ಬಿಗಿದ. ಅದೂ ಆಗಲಿಲ್ಲ.

ರಾಣೋಜಿಗೆ ನಿದ್ದೆ ಹಾರಿತು. ಸೀಟು ಸೈಕಲ್ಲಿನ ಮೇಲೆ ಎಷ್ಟು ಚಂದ ಕೂತಿದೆ! ಅಲುಗುವುದಿಲ್ಲ, ಕಿರುಗುಟ್ಟುವುದಿಲ್ಲ. ಮತ್ತೆ ನೋವು ಎಲ್ಲಿಂದ? ಊಟಕ್ಕೆ ಕರೆದರೆ ಏಳಲೊಲ್ಲ. ಸೀಟಿನಿಂದ ಮೊದಲು ಬಿಚ್ಚಿದ್ದ ಹಳೆಯ ತೊಗಲನ್ನೇ ತಿರುಗಿಸಿ ಮುರುಗಿಸಿ ನೋಡುತ್ತ ಕೂತ. ಅದರ ಎರಡೂ ಅಂಚಿನಲ್ಲಿ, ಇನ್ನೇನು ಕೆಳಗೆ ಜಾರಬೇಕು ಅನ್ನುವ ಕಡೆ, ಒಂದೊಂದು ಬಿಲ್ಲೆಯಷ್ಟು ಜಾಗ ತಿಕ್ಕಿದ ಹಾಗೆ ಹೊಳೆಯುತ್ತಿತ್ತು. ಈ ಬಿಲ್ಲೆಯನ್ನು ಅವನು ಎಲ್ಲೋ ನೋಡಿದ್ದ. ಕುದುರೆಗಳ ಬೆನ್ನ ಮೇಲೆ ನೋಡಿದ್ದ.

"ಏ ಅಂಬೂ," ಅಂತ ಹೆಂಡತಿಯನ್ನು ಕೂಗಿದ. "ಈ ಸೈಕಲ್ಲಿನಾಗ ಕುದರಿ ಯಾವುದು?"

ಅಂಬಾಬಾಯಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನೋವು ತಿನ್ನೋದು ಯಾವುದೋ ಅದು."

ಆಗ ಅವನಿಗೆ ತಾನು ಮಾಡಿದ ತಪ್ಪು ಹೊಳೆಯಿತು ಅಂತಾರೆ. ಜೀನಗಾರ ಜೀನನ್ನು ಹೊರುವ ಪ್ರಾಣಿಗೆ ಹೊಂದಿಸುತ್ತಾನೆ, ಅದೇ ಅವನ ಕುಲದ ಪಾಠ. ಅವನು ಸೀಟನ್ನು ಸೈಕಲ್ಲಿಗೆ ಹೊಂದಿಸಿದ್ದ. ಆದರೆ ಕಬ್ಬಿಣಕ್ಕೆ ಹುಣ್ಣಾಗುವುದಿಲ್ಲ. ಇಲ್ಲಿ ಕುದುರೆ ಮೇಲೆ ಕೂತಿತ್ತು, ಮತ್ತು ಎಲ್ಲ ಕುದುರೆಗಳ ಹಾಗೆ ಬಾಯಿ ಬಿಡುತ್ತಿರಲಿಲ್ಲ.

ಹಾಗಾದರೆ ಈ ಕುದುರೆಯ ಅಳತೆ ತೆಗೆಯುವುದು ಹೇಗೆ? ದಾರ ಹಿಡಿದುಕೊಂಡು ಹೋಗುವ ಹಾಗಿಲ್ಲ. ರಾಣೋಜಿ ಯೋಚಿಸಿದ, ಯೋಚಿಸಿದ. ಹರಗೋಲು ಆಚೆ ದಂಡೆಗೆ ಹೋಗಿದ್ದರೆ ಎಲ್ಲರೂ ಹಸಿ ಉಸುಕಿನ ಮೇಲೆ ಕೂತು ಕಾಯುವುದು ಆ ಊರಿನ ರೂಢಿ. ಒಂದು ಸಂಜೆ ಫಕೀರವ್ವನೂ ಕೂತಿದ್ದಳು. ಅವಳು ಎದ್ದು ಹರಗೋಲು ಹತ್ತಿದ ಮೇಲೆ ರಾಣೋಜಿ ಆ ಜಾಗಕ್ಕೆ ಹೋದ. ಉಸುಕಿನಲ್ಲಿ ಕೂತ ಎಲುಬು ಊರಿದ ಕಡೆ ಎರಡು ಗುಳಿ ಬಿದ್ದಿದ್ದವು. ಮಂಡಿಯೂರಿ, ಒಂದು ಗುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ತೊಗಲಿನ ಪಟ್ಟಿ ಹಿಡಿದು ಗಂಟು ಹಾಕಿಕೊಂಡ. ಅಳೆದದ್ದು ಸಾಲದೆಂದು ಗುಳಿಯ ಆಳಕ್ಕೂ ಬೆರಳಿಟ್ಟು ನೋಡಿದ.

ಹರಗೋಲಿನಲ್ಲಿದ್ದವರು ಹಿಂತಿರುಗಿ ನೋಡಿದರು. ಅಂಬಿಗ ಹುಚ್ಚೀರಪ್ಪನಿಗೆ ಹುಟ್ಟು ಹಾಕಲು ಎರಡೇ ಕೈ, ಸುದ್ದಿ ಹೇಳಲು ನೂರು ಬಾಯಿ. ಮುಂಜಾನೆಗೆಲ್ಲ ಊರಿಡೀ ಒಂದೇ ಮಾತು: ರಾಣೋಜಿ ಹೆಂಗಸರು ಕೂತ ಜಾಗ ಸವರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸರು ಏಳು ಮಂದಿಯಾಗಿದ್ದರು.

ಅಂಬಾಬಾಯಿ ಒಬ್ಬಳೇ ನಕ್ಕಳಂತೆ. "ಇಪ್ಪತ್ತು ವರ್ಷ ಆತು, ನಾ ಕುಂತದ್ದನ್ನ ಒಂದಿನ ಅಳದಿಲ್ಲ ಈ ಮನಿಷಾ!"

ಗೌಡರು ನಗಲಿಲ್ಲ. ಮರುದಿನ ಹೊಳೆದಂಡೆಯ ಹುಣಸೆಮರದ ಕೆಳಗೆ ಪಂಚರು ಕೂಡಿದರು. ರಾಣೋಜಿಯ ಉಳಿ, ದಬ್ಬಣ, ಕತ್ತಿ ಎಲ್ಲ ತಂದು ಮುಂದೆ ಇಡಿಸಿದರು. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅದರಿಂದ ಇನ್ನೂ ಕೆಟ್ಟಿತು. ಎಲುಬು, ಅಗಲ, ಒತ್ತು ಅನ್ನುತ್ತಿದ್ದ ಹಾಗೆ ಪಂಚರು ಕಿವಿ ಮುಚ್ಚಿಕೊಂಡರು. ಸಾಮಾನು ಜಪ್ತಿ, ಅಮಾಸೆಯೊಳಗೆ ಊರು ಬಿಡಬೇಕು ಅಂತ ಗೌಡರು ಬಾಯಿ ತೆರೆಯುವಷ್ಟರಲ್ಲಿ ಹರಗೋಲು ಈಚೆ ದಂಡೆಗೆ ಬಂತು.

ಫಕೀರವ್ವ ಇಳಿದಳು. ಎರಡು ರಾತ್ರಿ ಬಾಣಂತಿಯ ಹತ್ತಿರ ಕೂತು ಬಂದವಳ ಕಣ್ಣು ಕೆಂಪಗಿದ್ದವು. ಹುಚ್ಚೀರಪ್ಪ ದಾರಿಯಲ್ಲೇ ಎಲ್ಲ ಹೇಳಿದ್ದ. ಅವಳು ಯಾರನ್ನೂ ಏನೂ ಕೇಳಲಿಲ್ಲ. ಸೀದಾ ಬಂದು ಪಂಚರ ಮುಂದೆ ಹಸಿ ಉಸುಕಿನ ಮೇಲೆ ಕುಕ್ಕರಿಸಿದಳು, ಒಂದು ಗಳಿಗೆ ಕೂತಳು, ಎದ್ದಳು.

"ಅಳಿಯೋ ರಾಣೂ, ತಗೋ ಅಳತಿ."

ರಾಣೋಜಿ ಗೌಡರ ಕಡೆ ನೋಡಿದ.

"ಅವರನ್ನೇನು ನೋಡತಿ? ಇಲ್ಲಿ ಕುಂತವರೊಳಗ ಅರ್ಧ ಮಂದಿ ಕುಂಡಿಗೆ ಮೊದಲನೇ ಏಟು ಹಾಕಿ ಅಳಿಸಿದಾಕಿ ನಾನು. ಅವಾಗ ಯಾವ ಪಂಚರೂ ಕೂಡಿರಲಿಲ್ಲ."

ಗೌಡರು ಗಂಟಲು ಸರಿಮಾಡಿಕೊಂಡರು. "ಫಕೀರವ್ವಾ, ಮರ್ಯಾದಿ ಮಾತು..."

"ಮರ್ಯಾದಿ ಮಾತ ಆಡತೀನ್ರೀ ಗೌಡ್ರ. ಆ ಸೀಟು ಗುಮಾಸ್ತಗ ಮಾಡಿದ್ದು. ಗಂಡಸಿನ ಎಲುಬು ಇಕ್ಕಟ್ಟು, ಹೆಣ್ಣಿನದು ಅಗಲ. ಅಗಲ ಇರದಿದ್ರ ನೀವೆಲ್ಲ ಯಾವ ದಾರೀಲೆ ಬರತಿದ್ರಿ? ಇಂವಾ ನಾ ಹೇಳಲಾರದ್ದನ್ನ ಉಸುಕು ನೋಡಿ ತಿಳಕೊಂಡ. ನಾ ನಾಚಿಕಿ ಮಾಡಿಕೊಂಡು ಕುಂತೆ. ಕುರಿಹಟ್ಟ್ಯಾಗ ಒಂದು ಕೂಸು ಹೋತು." ಉಸುಕಿನ ಗುಳಿಗಳ ಕಡೆ ಕೈ ಮಾಡಿದಳು. ಆಮೇಲೆ, "ಅಳಿಯೋ," ಅಂದಳು.

ರಾಣೋಜಿ ಅಳೆದ. ಮೊದಲು ಹಾಕಿಕೊಂಡಿದ್ದ ಗಂಟಿಗೂ ಈ ಅಳತೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲವಂತೆ. ಆಮೇಲೆ ಪಂಚರು ತಾವು ಕೂತಿದ್ದ ಜಾಗ ಬಿಟ್ಟು ಎದ್ದಾಗ ಅವನಿಗೆ ಚಟ ತಡೆಯಲಾಗದೆ ಆ ಗುಳಿಗಳ ಕಡೆಯೂ ಕಣ್ಣು ಹೋಯಿತು, ಗೌಡರ ಹತ್ತಿರ ಬಂದು ಮೆಲ್ಲಗೆ, "ಎಡಗಡೆ ಕುರ ಆಗೇತೇನ್ರಿ?" ಅಂದ, ಗೌಡರು ಬೆವರಿದರು ಅಂತ ಒಂದು ಕಥೆ. ಹನ್ನೆರಡು ಮಂದಿಯ ಗುಳಿ ನೋಡಿ ಹನ್ನೆರಡು ಹೆಸರು ಹೇಳಿದ ಅಂತ ಇನ್ನೊಂದು. ಆಚೆ ದಂಡೆಯವರು ಹೇಳುವಾಗ ಅದು ನೂರು ಮಂದಿ.

ಸಾಮಾನು ವಾಪಸು ಸಿಕ್ಕಿತು. ರಾಣೋಜಿ ಎತ್ತಿನ ತೊಗಲನ್ನು ಎರಡು ದಿನ ನೀರಲ್ಲಿ ನೆನೆಸಿದ. ಹಿಂದೆ ಅಗಲ, ಮುಂದೆ ಸಣ್ಣ, ನಡುವೆ ಒಂದು ತೋಡು. ಎರಡು ಎಲುಬು ಊರುವ ಕಡೆ ಮಾತ್ರ ಎರಡು ಪದರ. ಸೀಟಿನ ಮೇಲೆ ನೀರು ತುಂಬಿದ ಬಟ್ಟಲಿಟ್ಟು ಅದು ಯಾವ ಕಡೆ ಚೆಲ್ಲುತ್ತದೆ ಅಂತ ನೋಡಿ ಮೂತಿಯನ್ನು ಸಮ ಮಾಡಿದ. ಪೆಡಲು ಕೆಳಗಿದ್ದಾಗ ಹಿಮ್ಮಡಿ ಅದಕ್ಕೆ ಮುಟ್ಟಬೇಕು, ಮೊಣಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರಕ್ಕೆ ಏರಿಸಿ ಬಿಗಿದ. ಮೊದಲ ದಿನ ತೊಗಲು ಗಟ್ಟಿ ಅನ್ನಿಸುತ್ತದೆ, ಬೈಯಬಾರದು ಅಂತ ಹೇಳಿ ಕಳಿಸಿದ.

ಹದಿನೈದು ದಿನ ಫಕೀರವ್ವ ಕಾಣಲಿಲ್ಲ. ರಾಣೋಜಿ ಬಾಗಿಲಲ್ಲಿ ಕೂತು ದಾರಿ ನೋಡಿದ. ಹದಿನಾರನೇ ದಿನ ಧೂಳೆದ್ದಿತು. ಆ ಕುರಿಹಟ್ಟಿಯಿಂದಲೇ ಬಂದಿದ್ದಳು, ಏಳು ಮೈಲಿ. ಹೋದ ಸಲದ ಅದೇ ಮನೆಯಲ್ಲಿ, ಕೂಸು ಕಳೆದುಕೊಂಡವಳ ಓರಗಿತ್ತಿಗೆ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಕಪ್ಪು ಬಣ್ಣ, ಗಂಟಲು ಮಾತ್ರ ಕಂಚು ಅಂತ ಹೇಳಿದಳು. ಅದರ ಅಜ್ಜಿ ಹೇಗೆ ಕುಣಿದಳು ಅಂತ ಹೇಳಿದಳು. ಅಂಬಾಬಾಯಿ ಒಳಗಿನಿಂದ ಬಂದು ನಿಂತಳು, ಅವಳಿಗೂ ಮೊದಲಿನಿಂದ ಹೇಳಿದಳು. ಸೀಟಿನ ಮಾತು ಎತ್ತಲೇ ಇಲ್ಲ.

ರಾಣೋಜಿಯೂ ಕೇಳಲಿಲ್ಲ. ಅವನು ಅವಳ ಕಾಲು ನೋಡುತ್ತಿದ್ದ. ಮೊದಲೆಲ್ಲ ಸೈಕಲ್ಲು ನಿಲ್ಲುವ ಮುಂಚೆಯೇ ಕೆಂಡದ ಮೇಲಿಂದ ಜಿಗಿದ ಹಾಗೆ ಜಿಗಿಯುತ್ತಿದ್ದವಳು, ಈಗ ಒಂದು ಕಾಲನ್ನು ಅಂಗಡಿಯ ಕಟ್ಟೆಗೆ ಊರಿ, ಸೀಟಿನ ಮೇಲೆ ಕೂತೇ ಮಾತಾಡುತ್ತಿದ್ದಳು. ಎಲೆ ಅಡಿಕೆ ಹಾಕಿಕೊಂಡರೂ ಇಳಿಯಲಿಲ್ಲ.

ಇವತ್ತಿಗೂ ಆ ಹೊಳೆಸಾಲಿನ ಊರುಗಳಲ್ಲಿ ಸೈಕಲ್ಲಂಗಡಿಗೆ ಹೋದರೆ ಮೂಲೆಯಲ್ಲಿ ಒಂದು ಬುಟ್ಟಿ ಹಸಿ ಉಸುಕು ಇರುತ್ತದೆಯಂತೆ. ಹೊಸ ಸೀಟು ಬೇಕಾದವರು ಅದನ್ನು ಹರವಿ, ಕೂತು ಏಳಬೇಕು. ಕೂರುವಾಗ ಅಂಗಡಿಯವನು ಗೋಡೆ ಕಡೆ ತಿರುಗಿ ನಿಲ್ಲುತ್ತಾನೆ. ಸೀಟು ಹೊಂದಿಸಿಕೊಟ್ಟ ಮೇಲೆ ಹೇಗಿದೆ ಅಂತ ಯಾರೂ ಕೇಳುವುದಿಲ್ಲ, ಕೇಳಿದರೆ ರಾಣೋಜಿಗೆ ಅವಮಾನ. ಒಂದು ಸುತ್ತು ಹೊಡೆದು ಬಂದವಳನ್ನು ಮಾತಿಗೆ ಎಳೆಯುತ್ತಾರೆ. ತವರಿನ ಸುದ್ದಿ ಕೇಳುತ್ತಾರೆ, ಬೆಲ್ಲದ ದರ ಕೇಳುತ್ತಾರೆ, ಸೊಸೆಗೆ ಎಷ್ಟನೇ ತಿಂಗಳು ಅಂತ ಕೇಳುತ್ತಾರೆ. ಅವಳು ಇಳಿಯದೆ ಹೇಳುತ್ತಲೇ ಹೋದರೆ, ಅಂಗಡಿಯವನು ಕೈ ಒರೆಸಿಕೊಂಡು ಮುಂದಿನ ಸೈಕಲ್ಲಿಗೆ ಹೋಗುತ್ತಾನೆ.