ಮುಳ್ಳಕ್ಕ ಬರೆದುಕೊಡದ ಅರ್ಜಿ

ಮಕ್ಕಳೇ, ಒಂದು ಕಾಡಿನ ನಡುವೆ ಕೆರೆಯೊಂದಿತ್ತು. ಅದರ ಏರಿಯ ಬಿಲದಲ್ಲಿ ಕೆಂಚಿ ಎಂಬ ಮುಂಗುಸಿ ತನ್ನ ಮರಿಗಳೊಂದಿಗೆ ವಾಸವಾಗಿದ್ದಳು. ಕೆಂಚಿಯ ಅನುಮಾನ ಎಂಥದ್ದು ಅಂತೀರಿ? ಯಾರಾದರೂ "ಊಟ ಆಯ್ತಾ?" ಅಂದರೂ ಸಾಕು, ಇವರಿಗ್ಯಾಕೆ ನನ್ನ ಊಟದ ಉಸಾಬರಿ ಅಂದುಕೊಳ್ಳುವಳು.

ಈ ಸಲ ಅವಳಿಗೆ ನಿಜವಾದ ಕಷ್ಟವೇ ಬಂದಿತ್ತು. ನೀರಿಗೆ ಬರುವ ಕಾಡೆಮ್ಮೆಗಳು ದಿನಾ ಏರಿಯನ್ನು ತುಳಿಯುತ್ತಿದ್ದುದರಿಂದ ಬಿಲದ ಮಣ್ಣು ಕುಸಿಯತೊಡಗಿತ್ತು. ಮರಿಗಳು ಎಲ್ಲಿ ಹೂತುಹೋಗುತ್ತವೋ ಎಂದು ತಾಯಿಗೆ ಜೀವದಲ್ಲಿ ಜೀವವಿಲ್ಲ. ಆ ಕಾಡಿನಲ್ಲಿ ಇಂಥ ದೂರನ್ನು ಮುತ್ತುಗದ ಎಲೆಯ ಮೇಲೆ ಬರೆದು, ನ್ಯಾಯ ಹೇಳುವ ಆನೆಯಜ್ಜಿಗೆ ಕೊಡಬೇಕು. ಎಲೆಯಲ್ಲಿ ಕೇಳಿದ್ದಕ್ಕಷ್ಟೇ ತೀರ್ಪು, ಅದೂ ಒಬ್ಬರಿಗೆ ವರ್ಷಕ್ಕೆ ಒಂದೇ ಅರ್ಜಿ.

ಅರ್ಜಿ ಬರೆಯಲು ತಡವರಿಸುವವರೆಲ್ಲ ಮುಳ್ಳುಹಂದಿ ಮುಳ್ಳಕ್ಕನ ಹತ್ತಿರ ಹೋಗುತ್ತಿದ್ದರು. ಅವಳು ಬರೆಯಲು ತನ್ನ ಮುಳ್ಳು ಕೊಡುವಳು, ಪಕ್ಕದಲ್ಲೇ ಕೂರುವಳು. ಆದರೆ ಬೇರೆಯವರ ಎಲೆಯ ಮೇಲೆ ತಾನು ಒಂದು ಗೀಟೂ ಎಳೆಯಳು.

ಕೆಂಚಿ ಎಲೆ ಚಾಚಿದಳು. "ಅಕ್ಕ, ಇದನ್ನ ಸ್ವಲ್ಪ ಸರಿಮಾಡಿಕೊಡಿ."

"ನೀನೇ ಗಟ್ಟಿಯಾಗಿ ಓದಮ್ಮ, ಕೇಳೋಣ."

ಕೆಂಚಿ ಓದಿದಳು. ಕಾಡೆಮ್ಮೆಗಳಿಗೆ ಬೈಗುಳ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

"ಸಿಟ್ಟು ಬಂದಿದೆ, ಸರಿ. ಆನೆಯಜ್ಜಿ ನಿನಗೆ ಏನು ಮಾಡಿಕೊಡಬೇಕು?" ಅಂದಳು ಮುಳ್ಳಕ್ಕ.

"ಅದು ನಿಮಗ್ಯಾಕೆ?"

"ನನಗೆ ಬೇಡ, ಅಜ್ಜಿಗೆ ಬೇಕು. ಅದನ್ನ ಎಲ್ಲಿ ಬರೆದಿದ್ದೀಯ, ತೋರಿಸು."

ತೋರಿಸಲು ಏನೂ ಇರಲಿಲ್ಲ. "ಮನೆಗೆ ಹೋಗಿ ಅದೊಂದನ್ನು ಬರೆದುಕೊಂಡು ನಾಳೆ ಬಾ," ಎಂದು ಮುಳ್ಳಕ್ಕ ಕಳಿಸಿದಳು.

ದಾರಿಯುದ್ದಕ್ಕೂ ಕೆಂಚಿ ತಲೆಗೆ ಹುಳ ಬಿಟ್ಟುಕೊಂಡಳು. ಮೈತುಂಬ ಮುಳ್ಳಿದ್ದೂ ಒಂದು ಸಾಲು ಬರೆದುಕೊಡಲ್ಲ ಅಂದರೆ ಏನರ್ಥ? ಬರೀ ಪ್ರಶ್ನೆ ಕೇಳಿ ನನ್ನ ಬಾಯಿ ಬಿಡಿಸುತ್ತಾಳೆ. ಮೊನ್ನೆ ಕಾಡೆಮ್ಮೆಗಳ ಪಕ್ಕದಲ್ಲೇ ಗೆಡ್ಡೆ ಅಗೆಯುತ್ತಿದ್ದಳಲ್ಲ, ಅವರ ಕಡೆಯವಳೇ ಇರಬೇಕು.

ಆಗ ಕಾಜಾಣ ಹಕ್ಕಿ ಸಿಳ್ಳಪ್ಪ ಕೊಂಬೆಯಿಂದ ಇಣುಕಿದ. ಎಲ್ಲರ ದನಿಯನ್ನೂ ಅಣಕಿಸಿಕೊಂಡು ತಿರುಗುವವನು ಅವನು. "ಕೆಂಚಮ್ಮ, ನಿನ್ನಂಥ ಜಾಣೆಗೆ ಅವಳ ಪಾಠ ಯಾಕೆ? ಬಿಡು, ಚೆಂದದ ಅರ್ಜಿ ನಾನು ಬರೆದುಕೊಡ್ತೀನಿ."

ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೆಂಚಿಗೆ ಹಿಡಿಸಿದ್ದೇ ಅದು. ಎಲೆ ತುಂಬ ಮುದ್ದಾದ ಅಕ್ಷರ ಕಂಡು, ಓದುವ ಗೋಜಿಗೂ ಹೋಗದೆ ನೇರ ಆನೆಯಜ್ಜಿಯ ಮುಂದಿಟ್ಟಳು.

ಆನೆಯಜ್ಜಿ ಸಭೆಗೆ ಓದಿ ಹೇಳಿದಳು. "ಪೂಜ್ಯರೇ, ಕಾಡೆಮ್ಮೆಗಳ ಹಾವಳಿಯಿಂದ ನನಗೆ ಮೇಯಲು ಹಸಿಹುಲ್ಲಿಲ್ಲ. ಗುಡ್ಡದ ಹುಲ್ಲುಗಾವಲನ್ನು ನನಗೆ ಬಿಡಿಸಿಕೊಡಬೇಕು." ಹಿಂದೆ ಯಾವುದೋ ಜಿಂಕೆ ಕೊಟ್ಟಿದ್ದ ಅರ್ಜಿಯನ್ನೇ ಸಿಳ್ಳಪ್ಪ ಇಳಿಸಿಟ್ಟಿದ್ದ.

ಸಭೆ ಗೊಳ್ಳೆಂದು ನಕ್ಕಿತು. ಕಾಡೆಮ್ಮೆಗಳ ಯಜಮಾನ, "ಆಗಲಿ, ಗುಡ್ಡದ ಹುಲ್ಲು ಅವಳಿಗೇ ಇರಲಿ. ನಮಗೆ ಕೆರೆಯ ಏರಿ ಸಾಕು," ಅಂದ.

"ಅಜ್ಜಿ, ನನ್ನ ಬಿಲ..." ಎಂದು ಕೆಂಚಿ ತೊದಲಿದಳು.

"ಕೇಳಿದ ಹುಲ್ಲುಗಾವಲು ನಿನಗೆ ಕೊಟ್ಟಾಯಿತು. ಬಿಲದ ಮಾತು ಎಲೆಯಲ್ಲಿ ಎಲ್ಲಿದೆಯಮ್ಮ?" ಅಂದಳು ಆನೆಯಜ್ಜಿ.

ಇದೇ ಮಾತನ್ನು ಮುಳ್ಳಕ್ಕ ಮೊದಲೇ ಕೇಳಿದ್ದಳಲ್ಲ ಎಂದು ಕೆಂಚಿಗೆ ಅಳು ಒತ್ತರಿಸಿ ಬಂತು. ಕುಸಿಯುವ ಬಿಲದಿಂದ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಗುಡ್ಡಕ್ಕೆ ಸಾಗಿಸಿದಳು. ಅಲ್ಲಿ ತಿನ್ನಲು ಕೆರೆಯ ಕಪ್ಪೆಯಿಲ್ಲ, ಏಡಿಯಿಲ್ಲ. ಬೇಕಾದಷ್ಟು ಹುಲ್ಲಿನ ನಡುವೆ ಮರಿಗಳು ಹಸಿದು ಕೂತಿದ್ದವು.

ನೀತಿ: ನಮ್ಮ ಬರಹವನ್ನು ನಾವೇ ತಿದ್ದಿಕೊಳ್ಳುವಂತೆ ಪ್ರಶ್ನೆ ಕೇಳುವವರನ್ನು ನಂಬಬೇಕು, ಏನೂ ಕೇಳದೆ ಬರೆದುಕೊಡುವವರನ್ನು ಅನುಮಾನಿಸಬೇಕು.