ಸಂಡಿಗೆ ಪಂಚೆ ಮತ್ತು ಬಿಸಿಲುಕೋಲು

ಲೋಕ ಇನ್ನೂ ಹೊಸದಾಗಿದ್ದಾಗ, ಬೆಟ್ಟಗಳ ಮೈ ಇನ್ನೂ ಬೆಚ್ಚಗಿದ್ದಾಗ, ಗಾಳಿಗೂ ಒಂದು ಮೈ ಇತ್ತು. ಹಾಲಿನಂಥ ಬಿಳಿ ಮೈ. "ಅಗೋ, ಗಾಳಿ ಬಂದ" ಎಂದು ಹುಲ್ಲು ಎದ್ದು ನಿಲ್ಲುತ್ತಿತ್ತು.

ಗಾಳಿಗೆ ಒಬ್ಬಳು ಅಕ್ಕ, ಬೆಟ್ಟ. ಬೆಟ್ಟಕ್ಕೆ ಒಬ್ಬಳು ಮಗಳು, ಹೊಳೆ. ಹೊಳೆಯೆಂದರೆ ಗೊತ್ತಲ್ಲ ಮಗೂ, ನಿನ್ನ ಹಾಗೆಯೇ, ಕೂತಲ್ಲಿ ಕೂರುವವಳಲ್ಲ. ಕುಣಿಯುತ್ತ ಇಳಿದು ಬಯಲಿಗೆ ಹೋದಳು. ಹೋದ ಮೇಲೆ ಅಮ್ಮನ ನೆನಪಾಯಿತು. ತಿರುಗಿ ನೋಡಿದರೆ ನಡುವೆ ಗಾಳಿಯ ಬಿಳಿ ಮೈ ಅಡ್ಡ.

"ಮಾಮಾ, ಸ್ವಲ್ಪ ಸರೀತೀಯಾ? ಅಮ್ಮ ಕಾಣ್ತಿಲ್ಲ" ಎಂದಳು.

ಗಾಳಿ ಸರಿದ. ಆದರೆ ಗಾಳಿ ಎಲ್ಲ ಕಡೆಯೂ ಇರಬೇಕಲ್ಲ! ಈ ಕಡೆ ಸರಿದರೆ ಆ ಕಡೆ ಅಡ್ಡ, ಆ ಕಡೆ ಸರಿದರೆ ಈ ಕಡೆ ಅಡ್ಡ. ಹೊಳೆ ಅಳತೊಡಗಿದಳು.

ಗಾಳಿಯ ಕರುಳು ಚುರ್ ಎಂದಿತು. ತನ್ನ ಬಿಳಿ ಮೈಯನ್ನು ಕಳಚಿ ಮೋಡಗಳಿಗೆ ಕೊಟ್ಟುಬಿಟ್ಟ. ಅವತ್ತಿನಿಂದ ಅವನು ಯಾರಿಗೂ ಕಾಣಲಿಲ್ಲ. ಹೊಳೆಗೆ ಮಾತ್ರ ಅಮ್ಮ ಕಂಡಳು, ನೀಲಿಯಾಗಿ, ನೆತ್ತಿಯ ಮೇಲಿನ ಒಂಟಿ ಮರದ ಸಮೇತ.

"ಇನ್ಮೇಲೆ ನಿಂಗೆ ಹುಷಾರಿಲ್ಲದಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು ಮಾಮಾ?" ಎಂದು ಹೊಳೆ ಕೇಳಿದಳು.

"ನಂಗೇನಾಗುತ್ತೆ ಬಿಡು" ಎಂದ ಗಾಳಿ. ಪಾಪ, ಅವನಿಗೇನು ಗೊತ್ತು.

ಹೊಳೆಯ ದಡಕ್ಕೆ ಊರು ಬಂತು. ಊರು ಪೇಟೆಯಾಯಿತು. ಇಟ್ಟಿಗೆ ಗೂಡು ಬಂತು, ಹೊಗೆ ಕೊಳವೆ ಬಂತು, ಡುರ್ ಡುರ್ ಎನ್ನುವ ಗಾಡಿಗಳು ಬಂದವು. ಎಲ್ಲರೂ ಹೊಗೆಯನ್ನು ಗಾಳಿಯ ಕೈಗೇ ಕೊಟ್ಟರು. "ಸ್ವಲ್ಪ ಹಿಡ್ಕೊಂಡಿರಪ್ಪಾ" ಎಂದವರು ವಾಪಸು ತೆಗೆದುಕೊಳ್ಳಲೇ ಇಲ್ಲ. ಗಾಳಿ ಹೊತ್ತ, ಇನ್ನೂ ಹೊತ್ತ, ಕೆಮ್ಮಿದ. ಕೆಮ್ಮಿದ್ದು ಯಾರಿಗೆ ಕಾಣಬೇಕು?

ಒಂದು ಬೆಳಗ್ಗೆ ಹೊಳೆ ತಿರುಗಿ ನೋಡಿದಳು. ಬೆಟ್ಟ ಇರಲಿಲ್ಲ.

"ಮಾಮಾ, ಅಮ್ಮ ಎಲ್ಲಿ?"

"ಅಲ್ಲೇ ಇದಾಳೆ ಕಣಮ್ಮಾ. ನನ್ನ ತಲೆ ಮೇಲಿರೋ ಹೊರೆ ಅಡ್ಡ ಬಂದಿದೆ. ಇಳಿಸ್ಕೊಳ್ಳೋರು ಯಾರು? ನಾನೇ ಯಾರಿಗೂ ಕಾಣ್ತಿಲ್ವಲ್ಲ."

ಹೊಳೆ ಅವತ್ತಿನಿಂದ ಪೇಟೆಯ ಹತ್ತಿರ ನಿಧಾನವಾಗಿ ಹರಿಯತೊಡಗಿದಳು, ಹಿಂದೆ ನೋಡುತ್ತ, ಹಿಂದೆ ನೋಡುತ್ತ.

ಆ ಪೇಟೆಯಲ್ಲಿ ಸಣ್ಣೀರವ್ವ ಎಂಬ ಮುದುಕಿ ಇದ್ದಳು. ಅವಳ ತವರು ಅದೇ ಬೆಟ್ಟದ ಬುಡದಲ್ಲಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಮಹಡಿ ಹತ್ತಿ ಬೆಟ್ಟ ನೋಡುತ್ತ ನಿಲ್ಲುತ್ತಿದ್ದಳು. ಈಗ ನೋಡಲು ಏನೂ ಇರಲಿಲ್ಲ. ಆದರೂ ಬೇಸಿಗೆ ಬಂತೆಂದರೆ ಅದೇ ಮಹಡಿಯಲ್ಲಿ ಬಿಳಿ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುವಳು, ಕಾಗೆ ಓಡಿಸಲು ಕೋಲು ಹಿಡಿದು ಕೂರುವಳು.

ಆ ವರ್ಷ ಸಂಡಿಗೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು.

"ಹಾಳಾದ್ ಕಾಗೆ! ಕಾಲು ತೊಳ್ಕೊಳ್ದೆ ಬಂದು ತುಳ್ದದೆ!" ಎಂದು ಸಣ್ಣೀರವ್ವ ಕೋಲು ಬೀಸಿದಳು.

ಕಾಗೆಗೆ ಸಿಟ್ಟು ಬಂತು. "ನನ್ ಬಣ್ಣ ಮೈಗಂಟಿದ್ದು ಕಣವ್ವಾ, ಉಜ್ಜಿದ್ರೂ ಬರಲ್ಲ. ಒಂದು ಸಂಡಿಗೆ ಎತ್ತಿ ನೋಡು, ಆಮೇಲೆ ಬಯ್ಯಿ" ಎಂದಿತು.

ಸಣ್ಣೀರವ್ವ ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಒಂದು ಸಂಡಿಗೆ ಬಿಡಿಸಿದಳು. ಅದರ ಅಡಿಯಲ್ಲಿ ಪಂಚೆ ಅಚ್ಚ ಬಿಳಿ. ಸುತ್ತಲೂ ಮಸಿ. ತಲೆಯೆತ್ತಿ ನೋಡಿದಳು. ಮಸಿ ಸುರಿಯುತ್ತಿದ್ದದ್ದು ಮೇಲಿನಿಂದ.

"ಅಯ್ಯೋ ಗಾಳಿಯಪ್ಪಾ, ಇದನ್ನೆಲ್ಲ ನೀನೊಬ್ನೇ ಹೊತ್ಕೊಂಡಿದ್ಯಾ?" ಎಂದು ಅತ್ತುಬಿಟ್ಟಳು.

ಮಾರನೆಯ ದಿನ ಬೇರೆ ಪಂಚೆ ಹಾಸಿದಳು. ಸಂಡಿಗೆಗಳನ್ನು ಸಾಲಾಗಿ ಇಡದೆ, ಒಂದಕ್ಕೊಂದು ಅಂಟಿಸಿ ಬೆಟ್ಟದ ಹಾಗೆ ಇಟ್ಟಳು. ಬೆಟ್ಟದ ತುದಿಗೆ ಒಂದು ಮರವನ್ನೂ ಇಟ್ಟಳು. ಚೆನ್ನಾಗಿ ಮಸಿ ಕೂರುವ ತನಕ ಬಿಟ್ಟು, ಬಿಡಿಸಿ, ಪಂಚೆಯನ್ನು ಬೀದಿಗೆ ಕಾಣುವಂತೆ ಮಹಡಿಯಿಂದ ಇಳಿಬಿಟ್ಟಳು. ಕಪ್ಪು ಪಂಚೆಯಲ್ಲಿ ಬಿಳಿ ಬೆಟ್ಟ!

ಬೀದಿಯವರೆಲ್ಲ ಸೇರಿದರು. "ಯಾರವ್ವಾ ಇದನ್ನ ಬರ್ದದ್ದು?"

"ಕಪ್ಪು ಬಳ್ದದ್ದು ನಿಮ್ ಹೊಗೆ ಕಣ್ರಪ್ಪಾ. ಬೆಟ್ಟ ಇದ್ದಷ್ಟು ಜಾಗ ನಾನು ಮುಚ್ಚಿದ್ದೆ, ಅಷ್ಟೇ."

ಗೂಡಿನವರು ಗೂಡು ಆರಿಸಿದರು. ಗಾಡಿಯವರು ಗಾಡಿ ನಿಲ್ಲಿಸಿ ನಡೆದು ಹೋದರು. ಗಾಳಿ ಹೊರೆ ಇಳಿಸಿ ಉಸಿರುಬಿಟ್ಟ. ದೂರದಲ್ಲಿ ಬೆಟ್ಟ ಕಂಡಿತು. "ಅಮ್ಮಾ!" ಎಂದು ಹೊಳೆ ಕೂಗಿದ ಕೂಗಿಗೆ ಮೀನುಗಳೆಲ್ಲ ಬೆಚ್ಚಿಬಿದ್ದವು. ಸಣ್ಣೀರವ್ವ ಕತ್ತು ನೋಯುವಷ್ಟು ಹೊತ್ತು ಮಹಡಿಯಲ್ಲೇ ನಿಂತಿದ್ದಳು.

ಅಷ್ಟರಲ್ಲಿ ಹಬ್ಬ ಬಂತು. ಸಣ್ಣೀರವ್ವನ ಸೊಸೆ ಬಲು ಅಚ್ಚುಕಟ್ಟಿನವಳು. ಹಬ್ಬದ ದಿನ ಮನೆ ಮುಂದೆ ಕೊಳೆ ಪಂಚೆ ತೂಗುವುದೆಂದರೇನು? ಅಂಟುವಾಳ ಹಾಕಿ, ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಒಗೆದು, ಮಡಿಚಿಟ್ಟಳು. ಪಂಚೆ ಬೆಳ್ಳಗಾಯಿತು. ಬೆಟ್ಟವೂ ಹೋಯಿತು, ಮಸಿಯೂ ಹೋಯಿತು. ಜನ ಮಹಡಿಯತ್ತ ತಲೆಯೆತ್ತಿದರು, ಪಂಚೆ ಕಾಣಲಿಲ್ಲ, ಮರೆತರು. ಗೂಡುಗಳು ಮತ್ತೆ ಹೊತ್ತಿಕೊಂಡವು, ದೂರದ ಬೆಟ್ಟ ಮತ್ತೆ ಮರೆಯಾಯಿತು.

ಹೊಳೆ ಸೂರ್ಯನನ್ನು ಕೂಗಿದಳು. "ಸೂರ್ಯಪ್ಪಾ, ನೀನಾದ್ರೂ ಹೇಳೋ! ಮಾಮನ್ನ ನೋಡೋರೇ ಇಲ್ಲ. ನಂಗೆ ಅಮ್ಮ ಬೇಕು."

"ಎಲ್ಲಾ ನೋಡ್ತಿದ್ದೆ ಮಗಳೇ" ಎಂದ ಸೂರ್ಯ. "ಪಂಚೆಯಾದ್ರೆ ಒಗೆದುಬಿಡ್ತಾರೆ. ನಾನೇ ಮನೆಮನೆಗೂ ಹೋಗಿ ತೋರಿಸ್ತೀನಿ."

ಮರುದಿನ ಬೆಳಗ್ಗೆ ಅವನು ಹೆಂಚಿನ ಸಂದಿಯಿಂದ, ಕಿಟಕಿಯಿಂದ, ಬಾಗಿಲ ಬಿರುಕಿನಿಂದ ತನ್ನ ಉದ್ದನೆಯ ಬೆರಳನ್ನು ಒಳಗೆ ಚಾಚಿದ. ಆ ಬೆರಳಿನ ಬೆಳಕಿನಲ್ಲಿ ಗಾಳಿ ಹೊತ್ತದ್ದೆಲ್ಲ ಕಂಡಿತು. ಸೊಸೆ ಒರೆಸಿಬಿಡೋಣವೆಂದು ಸೆರಗು ಬೀಸಿದಳು. ಬೀಸಿದಷ್ಟೂ ಕಣಗಳು ಮೇಲೆದ್ದವು.

"ಅದನ್ನ ಒಗೆಯಕ್ಕಾಗಲ್ಲ ಕಣೇ" ಎಂದಳು ಸಣ್ಣೀರವ್ವ.

ಹೊಳೆ ಇವತ್ತಿಗೂ ಪೇಟೆಯ ಸೇತುವೆಯ ಹತ್ತಿರ ನಿಧಾನವಾಗಿ ಸುತ್ತಿ ಹೋಗುತ್ತಾಳೆ, ಅಮ್ಮ ಕಂಡಾಳೇನೋ ಎಂದು. ಮತ್ತೆ ನೋಡು ಮಗೂ, ಬೆಳಗ್ಗೆ ನಿನ್ನ ಹಾಸಿಗೆಯ ಮೇಲೆ ಬೀಳುವ ಬಿಸಿಲುಕೋಲಿನಲ್ಲಿ ಧೂಳು ಏಳುತ್ತ ಬೀಳುತ್ತ ಕಾಣುತ್ತದಲ್ಲ, ಅದು ಸೂರ್ಯ ಬೆರಳು ಚಾಚಿ, ಇನ್ನೂ ಹೊರೆ ಹೊತ್ತುಕೊಂಡೇ ಇರುವ ಗಾಳಿಮಾಮನನ್ನು ನಿನಗೆ ತೋರಿಸುತ್ತಿರುವುದು.