ಬೇರೆ ತಟ್ಟೆಯ ವ್ರತ

“ಗುರುಗಳೇ, ಒಬ್ಬನಿಗೆ ಎಚ್‌ಐವಿ ಇದೆ ಎಂದರೆ ಅದು ಅವನ ಸ್ವಂತ ಗುಟ್ಟು. ಹೆಂಡತಿಗೆ ತಿಳಿಸು, ಅವಳಿಗೂ ಪರೀಕ್ಷೆ ಮಾಡಿಸು ಎಂದು ಆಸ್ಪತ್ರೆಯವರು ಅವನ ಬೆನ್ನು ಹತ್ತುವುದೇಕೆ?” ಎಂದು ಶಿಷ್ಯ ಕೇಳಿದ.

“ಕೂತುಕೋ. ಪ್ರಶ್ನೆ ಚಿಕ್ಕದು, ಕತೆ ಸ್ವಲ್ಪ ಉದ್ದ” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಅರಿಶಿನದ ವ್ಯಾಪಾರಿ ಇದ್ದ. ಊರೂರು ತಿರುಗುವವನು. ಜ್ವರ ಬಿಡದೆ ಆಸ್ಪತ್ರೆಗೆ ಹೋದಾಗ ಎಚ್‌ಐವಿ ಇರುವುದು ಗೊತ್ತಾಯಿತು. ಅಲ್ಲಿನ ಆಪ್ತಸಮಾಲೋಚಕಿ ಅವನನ್ನು ಕೂರಿಸಿಕೊಂಡು ಧೈರ್ಯ ಹೇಳಿದಳು. ಗುಳಿಗೆ ತಪ್ಪದೆ ನುಂಗಿದರೆ ಎಲ್ಲರಂತೆ ಬಾಳಬಹುದು ಎಂದಳು. ಅವನ ಹೆಂಡತಿ ಬಸುರಿ, ಇನ್ನೂ ಯಾವ ಆಸ್ಪತ್ರೆಗೂ ತೋರಿಸಿಲ್ಲ ಎಂದು ತಿಳಿದಾಗ ಆಪ್ತಸಮಾಲೋಚಕಿಯ ದನಿ ಗಟ್ಟಿಯಾಯಿತು.

“ಅವರನ್ನ ಲಗೂನ ಕರಕೊಂಡು ಬರ್ರಿ. ಅವರಿಗೂ ಇದ್ರ, ಈಗ ಗುಳಿಗಿ ಶುರು ಮಾಡಿದ್ರ ಕೂಸಿಗೆ ತಗಲದಂಗ ಕಾಯಬಹುದು. ತಡಾ ಮಾಡಬ್ಯಾಡ್ರಿ.”

ವ್ಯಾಪಾರಿ ತಲೆಯಾಡಿಸಿ ಮನೆಗೆ ಬಂದ. ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಹೆಂಡತಿ ತವರಿಗೆ ಹೊರಟುಬಿಡುತ್ತಾಳೆ ಎಂಬ ಭಯ. ಅವಳನ್ನು ಬಿಟ್ಟು ಅವನು ಇರಲಾರ. ಅವಳಿಗೆ ಕೇಡಾಗಬಾರದು ಎಂಬ ಕಾಳಜಿಯೂ ಇತ್ತು. ಹಾಗಾಗಿ ತನ್ನ ತಟ್ಟೆ ಬೇರೆ ಇಟ್ಟ, ಲೋಟ ಬೇರೆ ಇಟ್ಟ, ಪಡಸಾಲೆಯಲ್ಲಿ ಮಲಗಿದ. ಯಾಕೆ ಎಂದರೆ ವ್ರತ ಎಂದ. ತಟ್ಟೆ ಲೋಟದಿಂದ ಈ ರೋಗ ಹರಡುವುದಿಲ್ಲ ಎಂದು ಆಪ್ತಸಮಾಲೋಚಕಿ ಬಿಡಿಸಿ ಹೇಳಿದ್ದಳು. ಹೆದರಿದವನ ಕಿವಿಗೆ ಅದು ಬಿದ್ದಿರಲಿಲ್ಲ. ಬೇಡದ ಎಚ್ಚರಿಕೆಯನ್ನೆಲ್ಲ ವಹಿಸಿ, ಬೇಕಾದ ಒಂದನ್ನು ಬಿಟ್ಟ. ನೆರೆಯವರಂತೂ ಎಂಥ ನೇಮಸ್ಥ ಎಂದು ಹೊಗಳಿದ್ದೇ ಹೊಗಳಿದ್ದು!

ಒಂದು ದಿನ ಊಟಕ್ಕೆ ಬಡಿಸುತ್ತಾ ಹೆಂಡತಿ ಕೇಳಿದಳು: “ಇದು ಯಾವ ದೇವರ ವ್ರತರೀ? ಹೇಳ್ರಿ, ನಾನೂ ಹಿಡೀತೀನಿ.”

ವ್ಯಾಪಾರಿ ಊಟ ಬಿಟ್ಟು ಎದ್ದ. ಮರುದಿನವೇ, ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದು ಸುಳ್ಳು ಹೇಳಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಆಪ್ತಸಮಾಲೋಚಕಿಯನ್ನು ಪಕ್ಕಕ್ಕೆ ಕರೆದು, ಇವಳಿಗೆ ಗೊತ್ತಾಗದಂತೆ ಎಚ್‌ಐವಿ ಪರೀಕ್ಷೆ ಮುಗಿಸಿಬಿಡಿ ಎಂದು ಬೇಡಿಕೊಂಡ.

ಆಕೆ ಒಪ್ಪಲಿಲ್ಲ. ಕೇಳದೆ ಯಾರ ರಕ್ತವನ್ನೂ ತೆಗೆಯುವುದಿಲ್ಲ ಎಂದಳು.

ಹೆಂಡತಿ ದೂರದಿಂದಲೇ ಇಬ್ಬರ ಮುಖ ನೋಡುತ್ತಿದ್ದಳು. ಎದ್ದು ಹತ್ತಿರ ಬಂದಳು.

“ಯಾವುದನ್ನ ಹೇಳಾಕ ಇವರಿಗೆ ಬಾಯಿ ಬರವಲ್ದೋ, ಅದನ್ನ ಪರೀಕ್ಷಾ ಮಾಡ್ರಿ. ಆದ್ರ ಮೊದಲ ಇವರು ಹೇಳ್ಲಿ.”

ವ್ಯಾಪಾರಿ ಹೇಳಿದ. ಹೇಳುತ್ತಾ ಅತ್ತ. ಅವಳು ಅಳಲಿಲ್ಲ, ಸಿಟ್ಟಾದಳು. ರೋಗಕ್ಕಾಗಿ ಬೈದಳು. ಹೊಟ್ಟೆಯಲ್ಲಿ ಕೂಸಿದೆ ಎಂದು ಗೊತ್ತಿದ್ದೂ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಇನ್ನೂ ಜೋರಾಗಿ ಬೈದಳು. ಬೈದು ಮುಗಿಸಿ ಒಳಗೆ ಹೋಗಿ ಕೈ ಚಾಚಿದಳು. ರಕ್ತದ ಪರೀಕ್ಷೆ ಮುಗಿದ ಮೇಲೆ ಆಪ್ತಸಮಾಲೋಚಕಿ ಬಾಗಿಲು ಹಾಕಿಕೊಂಡು, ಬಂದ ಫಲಿತಾಂಶವನ್ನು ಅವಳೊಬ್ಬಳಿಗೇ ಹೇಳಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಏನು ಬಂತು ಗುರುಗಳೇ? ಅವಳಿಗೂ ಇತ್ತೇ?”

ಗುರುಗಳು ಹೇಳಿದರು: “ತಿಳಿಯಬೇಕಾದವಳಿಗೆ ತಿಳಿಯಿತಲ್ಲ, ನಿನಗೇಕೆ?”